ಡೇವಿಡ್ ಗಾಟ್ಲೀಬ್: ಮೊಳೆಹಲಗೆಯ ಆಟವನ್ನು ಯಂತ್ರವಾಗಿಸಿದವನು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಮಹಾಪುರುಷರ ಜೀವನಚರಿತ್ರೆಗಳು ಒಂದೆರಡಾದರೂ ಅಚ್ಚಾಗುವುದು ರೂಢಿ. ದೇಶಕ್ಕಾಗಿ ಸೆರೆಮನೆ ಕಂಡವರು, ಪ್ರಯೋಗಶಾಲೆಯಲ್ಲಿ ಆಯುಸ್ಸು ಸವೆಸಿದವರು, ಕವಿಗಳು, ಸಂತರು ಇವರೆಲ್ಲರ ಬಗ್ಗೆ ನನಗಿಂತ ಹಿರಿಯರೂ ಬಲ್ಲವರೂ ಬರೆದಿದ್ದಾರೆ. ನಾನು ಆರಿಸಿಕೊಂಡಿರುವವನು ಈ ಯಾವ ಸಾಲಿಗೂ ಸೇರುವವನಲ್ಲ. ಅವನೊಬ್ಬ ವ್ಯಾಪಾರಿ, ಅದೂ ಆಟದ ವ್ಯಾಪಾರಿ. ಆದರೂ ಪಿನ್‌ಬಾಲ್ ಎಂಬ ಆಟವನ್ನು ಬಲ್ಲವರಲ್ಲಿ ಡೇವಿಡ್ ಗಾಟ್ಲೀಬನ ಹೆಸರನ್ನು ಕೇಳದವರಿಲ್ಲ. ಒಂದು ಕಾಸಿನ ಆಟವನ್ನು ಮಾಡಿ ಲಕ್ಷಾಧೀಶನಾದವನು, ಆ ಆಟಕ್ಕೆ ಜೂಜೆಂಬ ಕಳಂಕ ತಟ್ಟಿದಾಗ ಅದನ್ನು ತೊಡೆಯಲು ಉಳಿದ ಆಯುಸ್ಸನ್ನೆಲ್ಲ ವೆಚ್ಚಮಾಡಿದವನು ಎಂಬ ಕಾರಣಕ್ಕೆ ಅವನ ಕಥೆ ನಮ್ಮ ವಿದ್ಯಾರ್ಥಿಮಿತ್ರರಿಗೂ ಅಧ್ಯಾಪಕವರ್ಗಕ್ಕೂ ರುಚಿಸೀತೆಂದು ನನ್ನ ನಂಬಿಕೆ.

ಮೊದಲು ಆಟದ ಪರಿಚಯವಾಗಬೇಕು. ನಮ್ಮ ಅನೇಕರ ಮನೆಗಳಲ್ಲಿ ಬೇಸಿಗೆ ರಜೆಯಲ್ಲಿ ಅಟ್ಟದಿಂದ ಇಳಿಯುತ್ತಿದ್ದ ಬಗಟೆಲ್ ಹಲಗೆಯನ್ನು ನೆನಪಿಸಿಕೊಳ್ಳಿರಿ. ಮೇಲ್ಭಾಗ ಬಿಲ್ಲಿನಂತೆ ಬಾಗಿದ ಮರದ ಹಲಗೆ. ಅದರ ಮೇಲೆ ಅರ್ಧಚಂದ್ರಾಕಾರವಾಗಿಯೂ ವೃತ್ತಾಕಾರವಾಗಿಯೂ ಬಡಿದ ಸಣ್ಣ ಮೊಳೆಗಳು. ಮೊಳೆಗಳ ಕೋಟೆಯೊಳಗೆ ಬರೆದ ಅಂಕಿಗಳು. ಬಲಗಡೆಯ ಓಣಿಯಲ್ಲಿ ಗೋಲಿಯಿಟ್ಟು ಕಡ್ಡಿಯಿಂದ ತಳ್ಳಿದರೆ ಅದು ಮೇಲೇರಿ, ಬಾಗಿಗೆ ತಾಗಿ, ಮೊಳೆಯಿಂದ ಮೊಳೆಗೆ ಚಿಮ್ಮುತ್ತ ಕೆಳಗಿಳಿಯುತ್ತದೆ. ಎಲ್ಲಿ ನಿಂತಿತೋ ಅಲ್ಲಿಯ ಅಂಕಿ ನಮ್ಮದು. ಬಗಟೆಲ್ ಎಂಬ ಹೆಸರು ಬಂದುದು ಫ್ರಾನ್ಸಿನಿಂದ. ಹದಿನಾರನೆಯ ಲೂಯಿ ದೊರೆಯ ತಮ್ಮನಾದ ಆರ್ತ್ವಾ ಪ್ರಭುವು ೧೭೭೭ರಲ್ಲಿ ಪ್ಯಾರಿಸಿನ ಹೊರವಲಯದಲ್ಲಿ ಕಟ್ಟಿಸಿದ ವಿಹಾರಭವನದ ಹೆಸರು ಅದು. ಅಲ್ಲಿಂದ ಇಂಗ್ಲೆಂಡಿನ ಪಾನಗೃಹಗಳಿಗೆ ಆಟವು ಹಬ್ಬಿತು. ಡಿಕನ್ಸನ ಪಿಕ್‌ವಿಕ್ ಕಾದಂಬರಿಯಲ್ಲಿಯೂ ಅದರ ಪ್ರಸ್ತಾಪವುಂಟು. ಇಂಗ್ಲಿಷ್ ಐಚ್ಛಿಕದವರು ಹುಡುಕಿ ನೋಡಬಹುದು. ಮುಂದೆ ೧೮೭೧ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲಸಿದ್ದ ಮಾಂಟೇಗ್ಯು ರೆಡ್‌ಗ್ರೇವ್ ಎಂಬ ಇಂಗ್ಲಿಷಿನವನು ಕಡ್ಡಿಗೆ ಬದಲಾಗಿ ಸುರುಳಿ ಸ್ಪ್ರಿಂಗಿನ ಚಿಮ್ಮುಕೋಲನ್ನು ಅಳವಡಿಸಿ, ಹಲಗೆಯನ್ನು ಚಿಕ್ಕದಾಗಿಸಿ ಹಕ್ಕುಪತ್ರ ಪಡೆದನು. ಹಿಂದಕ್ಕೆಳೆದು ಬಿಟ್ಟರೆ ಗೋಲಿಯನ್ನು ಚಿಮ್ಮುವ ಆ ಕೋಲು ಇಂದಿಗೂ ಹಾಗೆಯೇ ಉಳಿದಿದೆ. ಒಂದೂವರೆ ಶತಮಾನದಲ್ಲಿ ಅದಕ್ಕಿಂತ ಮೇಲಾದುದನ್ನು ಯಾರೂ ಕಂಡುಹಿಡಿಯಲಿಲ್ಲವೆಂದರೆ ರೆಡ್‌ಗ್ರೇವನ ಬುದ್ಧಿಯನ್ನು ಮೆಚ್ಚಬೇಕು.

ರೆಡ್‌ಗ್ರೇವನ ಅನಂತರ ಅರವತ್ತು ವರ್ಷ ಆಟವು ಮೂಲೆಯಲ್ಲೇ ಇತ್ತು. ಅದನ್ನು ಎತ್ತಿ ಅಂಗಡಿಯ ಕಟ್ಟೆಯ ಮೇಲಿಟ್ಟವನೇ ನಮ್ಮ ಕಥಾನಾಯಕ.

ಡೇವಿಡ್ ಗಾಟ್ಲೀಬ್ ೧೯೦೦ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದಲ್ಲಿ ಜನಿಸಿದನು. ಯೌವನದಲ್ಲಿ ಅವನು ಹಿಡಿದ ಕಸುಬು ಊರೂರು ತಿರುಗುವುದು: ಚಲನಚಿತ್ರಗಳನ್ನು ಒಯ್ದು ತೋರಿಸುವುದು, ಜಾತ್ರೆಯ ಆಟಗಳನ್ನು ಹೂಡುವುದು. ದಿನವಿಡೀ ಮೈಮುರಿದು ದುಡಿದ ಕೂಲಿಯಾಳಿನ ಜೇಬಿನಲ್ಲಿ ಸಂಜೆಗೆ ಎಷ್ಟು ಚಿಲ್ಲರೆ ಉಳಿದಿರುತ್ತದೆ, ಅದರಲ್ಲಿ ಎಷ್ಟನ್ನು ಅವನು ನಗುನಗುತ್ತ ಬಿಚ್ಚಿಯಾನು, ಎಷ್ಟಕ್ಕೆ ಮುಖ ಸಿಂಡರಿಸಿಯಾನು ಎಂಬ ಶಾಸ್ತ್ರವನ್ನು ಅವನು ಕಲಿತದ್ದು ಅಲ್ಲಿಯೇ ಇರಬೇಕು. ನಮ್ಮೂರ ತೇರಿನಲ್ಲಿ ಬಳೆ ಎಸೆಯುವ ಆಟದವನನ್ನು ಗಮನಿಸಿದವರಿಗೆ ನಾನು ಹೇಳುವುದು ಅರ್ಥವಾದೀತು. ಅವನು ಸೋಪಿನ ಡಬ್ಬಿಯನ್ನು ಮಾರುವುದಿಲ್ಲ. ಇನ್ನೊಂದು ಸಲ ಎಸೆದರೆ ಬಿದ್ದೇಬಿಡುತ್ತದೆ ಎಂಬ ಆಸೆಯನ್ನು ಮಾರುತ್ತಾನೆ.

೧೯೨೭ರಲ್ಲಿ ಗಾಟ್ಲೀಬ್ ಶಿಕಾಗೋ ನಗರದಲ್ಲಿ ತನ್ನ ಹೆಸರಿನಲ್ಲೇ ಒಂದು ಕಂಪನಿಯನ್ನು ಸ್ಥಾಪಿಸಿದನು. ಅವನ ಮೊದಮೊದಲ ಸರಕುಗಳಲ್ಲಿ ಮುಷ್ಟಿಯ ಬಲವನ್ನು ಅಳೆಯುವ ಯಂತ್ರವೊಂದಿತ್ತು. ಕಾಸು ಹಾಕಿ ಹಿಡಿಯನ್ನು ಅದುಮಿದರೆ ಮುಳ್ಳು ತಿರುಗಿ ಬಲ ಎಷ್ಟೆಂದು ತೋರಿಸುವುದು. ಈ ಬಗೆಯ ವ್ಯಾಪಾರದಲ್ಲಿ ಅವನು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಅಷ್ಟರಲ್ಲಿ ೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ಕಾರ್ಖಾನೆಗಳ ಹೊಗೆ ನಿಂತಿತು, ಲಕ್ಷಗಟ್ಟಲೆ ಜನ ಬೀದಿಗೆ ಬಿದ್ದರು. ಅರ್ಥಶಾಸ್ತ್ರದ ತರಗತಿಯಲ್ಲಿ ಮಹಾಮುಗ್ಗಟ್ಟು ಎಂದು ನಾವು ಓದಿದ ಕಾಲ ಇದೇ.

ಇಂಥ ಕಾಲದಲ್ಲಿ ಆಟದ ಯಂತ್ರ ಮಾಡಿ ಬದುಕುತ್ತೇನೆಂದವನನ್ನು ನಮ್ಮೂರಿನಲ್ಲಾದರೆ ಹುಚ್ಚನೆನ್ನುತ್ತಿದ್ದರು. ೧೯೩೧ರಲ್ಲಿ ಮತ್ತೊಂದು ಕಂಪನಿಯವರು ಬಿಂಗೋ ಎಂಬ ಹೆಸರಿನ ಮೊಳೆಹಲಗೆಯ ಯಂತ್ರವನ್ನು ಹೊರತಂದಿದ್ದರು. ಗಾಟ್ಲೀಬ್ ಅದನ್ನು ತಯಾರಿಸಿ ನೋಡಿದನು. ಆಮೇಲೆ ಅದೇ ವರ್ಷದ ಕೊನೆಯಲ್ಲಿ ತನ್ನದೇ ಆದ ಯಂತ್ರವನ್ನು ಮಾಡಿ ಬ್ಯಾಫಲ್ ಬಾಲ್ ಎಂದು ಹೆಸರಿಟ್ಟನು. ಅದರ ಬೆಲೆ ೧೭ ಡಾಲರು ೫೦ ಸೆಂಟು.

ಈ ಬ್ಯಾಫಲ್ ಬಾಲ್ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಏಕೆಂದರೆ ಈಗಿನವರು ಪಿನ್‌ಬಾಲ್ ಎಂದರೆ ದೀಪ, ಗಂಟೆ, ಕಾಲುಗಳ ಮೇಲೆ ನಿಂತ ಆಳುದ್ದದ ಪೆಟ್ಟಿಗೆ ಎಂದು ತಿಳಿದಿದ್ದಾರೆ. ಇದಕ್ಕೆ ಕಾಲುಗಳಿರಲಿಲ್ಲ. ವಿದ್ಯುತ್ತು ಬೇಕಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಡಬಹುದಾದ ಮರದ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಬಣ್ಣದ ಇಳಿಜಾರು ಹಲಗೆ, ಮೊಳೆಗಳು, ಅಂಕಿಯ ಕುಳಿಗಳು. ಒಂದು ಸೆಂಟಿನ ನಾಣ್ಯವನ್ನು ತಳ್ಳಿದರೆ ಐದರಿಂದ ಏಳು ಗೋಲಿಗಳು ಆಟಗಾರನ ವಶಕ್ಕೆ ಬರುತ್ತಿದ್ದವು. ಚಿಮ್ಮುಕೋಲನ್ನು ಎಷ್ಟು ಎಳೆಯಬೇಕೆಂಬ ಅಂದಾಜೇ ಮೊದಲನೆಯ ವಿದ್ಯೆ. ಗೋಲಿ ಒಮ್ಮೆ ಕೈಬಿಟ್ಟು ಹೋದ ಮೇಲೆ ಅದನ್ನು ಹಿಂತಿರುಗಿಸುವ ರೆಕ್ಕೆಗಳು ಆಗ ಹುಟ್ಟಿರಲೇ ಇಲ್ಲ. ಹಾಗಾದರೆ ಆಟಗಾರನಿಗೆ ಉಳಿದ ಉಪಾಯವೇನು? ಪೆಟ್ಟಿಗೆಯನ್ನು ಮೆಲ್ಲಗೆ ಕುಲುಕುವುದು. ಗೋಲಿ ಮೊಳೆಗೆ ತಾಗುವ ಕ್ಷಣಕ್ಕೆ ಸರಿಯಾಗಿ ಅಂಗೈಯಿಂದ ಪಕ್ಕಕ್ಕೆ ಒಂದು ಸಣ್ಣ ತಟ್ಟು ಕೊಟ್ಟರೆ ಅದರ ದಾರಿ ಒಂದು ಕೂದಲೆಳೆಯಷ್ಟು ಬದಲಾಗುತ್ತದೆ. ಮುಂದಿನ ಮೊಳೆಗೆ ಬರುವ ಹೊತ್ತಿಗೆ ಕೂದಲೆಳೆ ಬೆರಳಗಲವಾಗುತ್ತದೆ. ಅಂಕಗಳನ್ನು ಲೆಕ್ಕ ಹಾಕಲು ಯಂತ್ರದಲ್ಲಿ ಸಾಧನವೂ ಇರಲಿಲ್ಲ, ಆಟಗಾರನೇ ಕೂಡಿಸಿಕೊಳ್ಳಬೇಕು. ಹೆಚ್ಚು ಅಂಕ ಬಂದವನಿಗೆ ಅಂಗಡಿಯಾತ ಏನಾದರೊಂದು ಸಣ್ಣ ಬಹುಮಾನ ಕೊಡುವುದೂ ಇತ್ತು. ಮುಂದೆ ಬಂದ ತೊಂದರೆಗಳೆಲ್ಲಕ್ಕೂ ಬೀಜ ಅಲ್ಲಿಯೇ ಬಿದ್ದಿತ್ತು.

ನಾನೊಂದು ಲೆಕ್ಕ ಮಾಡಿ ನೋಡಿದೆ. ೧೭ ಡಾಲರು ೫೦ ಸೆಂಟು ಎಂದರೆ ೧,೭೫೦ ಸೆಂಟು. ಅಂದರೆ ೧,೭೫೦ ಆಟಗಳಾದರೆ ಅಂಗಡಿಯವನ ಅಸಲು ಕೈಗೆ ಬರುತ್ತದೆ. ಜನಸಂದಣಿಯಿದ್ದ ಔಷಧಿ ಅಂಗಡಿಯಲ್ಲೋ ಪಾನಗೃಹದಲ್ಲೋ ಇದಕ್ಕೆ ಬಹಳ ದಿನ ಹಿಡಿಯುತ್ತಿರಲಿಲ್ಲ. ಅಲ್ಲಿಂದಾಚೆಗೆ ಬಂದುದೆಲ್ಲ ಲಾಭ. ಕೆಲಸವಿಲ್ಲದ ಮನುಷ್ಯನಿಗೂ ಒಂದು ಸೆಂಟಿಗೆ ಹತ್ತು ನಿಮಿಷ ತನ್ನ ಸ್ಥಿತಿಯನ್ನು ಮರೆಯುವ ಅವಕಾಶ. ಈ ಯಂತ್ರಗಳು ೫೦,೦೦೦ಕ್ಕೂ ಮೇಲ್ಪಟ್ಟು ಮಾರಾಟವಾದವು. ಗುಣಿಸಿ ನೋಡಿದರೆ ಎಂಟೂಮುಕ್ಕಾಲು ಲಕ್ಷ ಡಾಲರು! ದೇಶವೇ ದಿವಾಳಿಯೆದ್ದಿದ್ದ ಕಾಲದಲ್ಲಿ! ಬಡವನ ಜೇಬಿನಿಂದ ಕಾಸು ಕಿತ್ತು ಶ್ರೀಮಂತನಾದನೆಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಆ ಆಕ್ಷೇಪ ಪೂರ್ತಿ ಸರಿಯೆನಿಸುವುದಿಲ್ಲ. ಬಡವನಿಗೆ ಅನ್ನ ಬೇಕು ನಿಜ. ಅನ್ನವೊಂದೇ ಸಾಕೆಂದು ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು.

ಬೇಡಿಕೆ ಎಷ್ಟಿತ್ತೆಂದರೆ ಗಾಟ್ಲೀಬನ ಕಾರ್ಖಾನೆ ಅದನ್ನು ಪೂರೈಸಲಾರದೆ ಹೋಯಿತು. ಅವನ ಯಂತ್ರಗಳನ್ನು ಮಾರುತ್ತಿದ್ದ ರೇಮಂಡ್ ಮಲೋನಿ ಎಂಬವನಿಗೆ ಸಾಕಷ್ಟು ಸರಕು ಸಿಗಲಿಲ್ಲ. ಕಾದು ಕಾದು ಬೇಸತ್ತ ಅವನು ೧೯೩೨ರಲ್ಲಿ ತಾನೇ ಬ್ಯಾಲಿಹೂ ಎಂಬ ಯಂತ್ರವನ್ನು ಮಾಡಿ ೧೬ ಡಾಲರು ೫೦ ಸೆಂಟಿಗೆ ಮಾರಿದನು. ಗುರುವಿಗಿಂತ ಒಂದು ಡಾಲರು ಕಡಮೆ! ಅದೂ ಏಳು ತಿಂಗಳಲ್ಲಿ ೫೦,೦೦೦ ಹೋಯಿತು. ಜಗತ್ಪ್ರಸಿದ್ಧವಾದ ಬ್ಯಾಲಿ ಕಂಪನಿ ಹುಟ್ಟಿದ್ದು ಹೀಗೆ. ೧೯೩೨ರ ಕೊನೆಯ ಹೊತ್ತಿಗೆ ಪಿನ್‌ಬಾಲ್ ಮಾಡುವ ಕಂಪನಿಗಳು ಸುಮಾರು ೧೫೦ ಇದ್ದವಂತೆ, ಹೆಚ್ಚಿನವು ಶಿಕಾಗೋದಲ್ಲಿಯೇ. ಎರಡು ವರ್ಷ ಕಳೆಯುವಷ್ಟರಲ್ಲಿ ಉಳಿದವು ೧೪. ಅವುಗಳಲ್ಲಿ ಗಾಟ್ಲೀಬನದೂ ಒಂದು. ಆಟಿಕೆ ತಯಾರಕರೂ ಸುಮ್ಮನಿರಲಿಲ್ಲ. ದೊಡ್ಡವರು ಅಂಗಡಿಯಲ್ಲಿ ಆಡುವುದನ್ನು ಮಕ್ಕಳು ಮನೆಯಲ್ಲಿ ಆಡಲೆಂದು ತಗಡಿನ ಮೇಲೆ ಚಿತ್ರ ಅಚ್ಚುಹಾಕಿದ ಪುಟ್ಟ ಮೇಜಿನ ಪಿನ್‌ಬಾಲುಗಳನ್ನು ಲೂಯಿ ಮಾರ್ಕ್ಸ್, ಲಿಂಡ್‌ಸ್ಟ್ರಾಮ್ ಮೊದಲಾದ ಕಂಪನಿಗಳು ಮಾಡಿದವು. ಜಪಾನಿನಲ್ಲಿ ಇದೇ ಬಗಟೆಲ್ ಹಲಗೆ ಗೋಡೆಗೆ ಒರಗಿ ನಿಂತು ಪಚಿಂಕೋ ಆಯಿತು. ಅದರದು ಬೇರೆಯೇ ಒಂದು ಪುರಾಣ.

ಈ ಪುಟ್ಟ ಆಟಿಕೆಗಳೇ ನನ್ನನ್ನು ಗಾಟ್ಲೀಬನ ಬಳಿಗೆ ಕರೆತಂದವು. ಎರಡು ವರ್ಷಗಳಿಂದ ನಾನೂ ವಿದ್ಯಾರ್ಥಿನಿಲಯದ ಒಬ್ಬ ಮಿತ್ರನೂ ಹಳೆಯ ಮೇಜಿನ ಪಿನ್‌ಬಾಲುಗಳನ್ನು ಸಂಗ್ರಹಿಸುತ್ತಿದ್ದೇವೆ. ಸಂಗ್ರಹವೆಂದರೆ ದೊಡ್ಡ ಮಾತಾಯಿತು; ಇರುವುದು ನಾಲ್ಕೇ. ಎರಡು ಬಡಗಿಗಳು ಮಾಡಿದ ಮರದ ಹಲಗೆಗಳು, ಒಂದು ಸ್ಪ್ರಿಂಗು ಹೋದ ತಗಡಿನದು, ಒಂದು ಪ್ಲಾಸ್ಟಿಕಿನದು. ನಾಲ್ಕೂ ಗುಜರಿಯಿಂದ ತೂಕದ ಲೆಕ್ಕದಲ್ಲಿ ಬಂದವು. ತಗಡಿನದಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಹಾಕಿದೆವು, ಬಲ ಸಾಲಲಿಲ್ಲ. ಸೈಕಲ್ ಅಂಗಡಿಯವನು ಕೊಟ್ಟ ಸ್ಪ್ರಿಂಗನ್ನು ಹಾಕಿದೆವು. ಗೋಲಿ ಗಾಜಿಗೆ ಬಡಿಯಿತು. ಕೊನೆಗೆ ಆ ಸ್ಪ್ರಿಂಗನ್ನೇ ಕತ್ತರಿಸಿ ಕತ್ತರಿಸಿ ಹದಕ್ಕೆ ತಂದೆವು. ಹಳೆಯ ಹಲಗೆಯಲ್ಲಿ ಮೊಳೆ ಬಾಗಿದ್ದರೆ ಅದನ್ನು ನೆಟ್ಟಗೆ ಮಾಡಬಾರದೆಂದು ನನ್ನ ಮಿತ್ರನ ಹಟ. ಯಾವನೋ ಒಬ್ಬ ಹುಡುಗ ತನ್ನ ಅನುಕೂಲಕ್ಕೆ ಬಗ್ಗಿಸಿದ ಮೊಳೆಯೂ ಆ ಹಲಗೆಯ ಚರಿತ್ರೆಯೇ ಅಲ್ಲವೆ ಎಂದು ಅವನು ವಾದಿಸುತ್ತಾನೆ. ಅವನು ಇತಿಹಾಸದ ವಿದ್ಯಾರ್ಥಿ, ವಾದಿಸಿ ಗೆಲ್ಲಲಾಗುವುದಿಲ್ಲ.

ಆದರೆ ನಮ್ಮ ಮನೆಯಲ್ಲಿ ಈ ಹಲಗೆಗಳಿಗೆ ಪ್ರವೇಶವಿಲ್ಲ. ನಮ್ಮ ವಂಶದಲ್ಲಿ ಪದವಿಯ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯ ಹಿರಿಯರೊಬ್ಬರು ಇಸ್ಪೀಟಿನಲ್ಲಿ ಎರಡೆಕರೆ ಹೊಲವನ್ನು ಕಳೆದರು. ಆ ಹೊಲ ಇದ್ದಿದ್ದರೆ ನನ್ನ ತಂದೆ ಏಳನೆಯ ತರಗತಿಗೆ ಶಾಲೆ ಬಿಡಬೇಕಾಗಿರಲಿಲ್ಲವೆಂದು ಅಜ್ಜಿ ಈಗಲೂ ಹೇಳುತ್ತಾಳೆ. ಆದ್ದರಿಂದ ಕಾಸು ಇಟ್ಟು ಆಡುವ ಯಾವುದನ್ನು ಕಂಡರೂ ನಮ್ಮ ಮನೆಯವರ ಮುಖ ಬಿಗಿಯುತ್ತದೆ. ಗೋಲಿ ಎಲ್ಲಿ ಬೀಳುತ್ತದೆಂಬುದು ಅದೃಷ್ಟವೋ ಕೈಚಳಕವೋ ಎಂಬ ಪ್ರಶ್ನೆ ನನಗೆ ತರ್ಕಶಾಸ್ತ್ರದ ಪ್ರಶ್ನೆಯಾಗಿ ಮಾತ್ರ ಉಳಿಯದಿರುವುದು ಇದರಿಂದಲೇ. ಗಾಟ್ಲೀಬನ ಉಳಿದ ಜೀವನವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಸುತ್ತಿತು.

ಕುಲುಕುವುದರಿಂದಲೇ ತೊಡಗೋಣ. ಮೆಲ್ಲಗೆ ತಟ್ಟಬೇಕಾದ ಆಟಗಾರರು ಬರಬರುತ್ತ ಯಂತ್ರವನ್ನೇ ಎತ್ತಿ ಕುಕ್ಕಲಾರಂಭಿಸಿದರು. ಹ್ಯಾರಿ ವಿಲಿಯಮ್ಸ್ ಎಂಬ ಮತ್ತೊಬ್ಬ ತಯಾರಕನು ಇದನ್ನು ತಡೆಯಲು ಮೊದಲು ಪೆಟ್ಟಿಗೆಯ ಅಡಿಗೆ ಮೊಳೆಗಳನ್ನು ಹೊಡೆದನಂತೆ, ಕೆಳಗಿನಿಂದ ಬಡಿದವನ ಕೈಗೆ ಚುಚ್ಚಲೆಂದು! ಇದು ಕ್ರೂರವೆಂದು ಅವನಿಗೇ ತೋರಿ, ಅತಿಯಾಗಿ ಅಲುಗಿದರೆ ಆಟವನ್ನೇ ನಿಲ್ಲಿಸುವ ಸಾಧನವನ್ನು ಕಂಡುಹಿಡಿದನು. ಟಿಲ್ಟ್ ಎಂದು ಅದಕ್ಕೆ ಹೆಸರು. ೧೯೩೩ರಲ್ಲಿ ವಿದ್ಯುತ್ತನ್ನು ಆಟಕ್ಕೆ ತಂದವರಲ್ಲಿಯೂ ಅವನೇ ಅಗ್ರಗಣ್ಯ. ವಿದ್ಯುತ್ತು ಬಂದೊಡನೆ ಗೆದ್ದವನಿಗೆ ತಾನಾಗಿಯೇ ನಾಣ್ಯ ಸುರಿಸುವ ಯಂತ್ರಗಳೂ ಬಂದವು. ಅಂಗಡಿಯವನು ಕೊಡುತ್ತಿದ್ದ ಸಣ್ಣ ಬಹುಮಾನದ ಜಾಗಕ್ಕೆ ನಗದು ಬಂದಮೇಲೆ ಆಟದ ಬಣ್ಣವೇ ಬದಲಾಯಿತು. ಈ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ: ಮೂವತ್ತರ ದಶಕದಲ್ಲಿ ಗಾಟ್ಲೀಬನ ಕಾರ್ಖಾನೆಯೂ ಹಣ ಸುರಿಸುವ ಯಂತ್ರಗಳನ್ನು ಮಾಡಿತು. ಅವನನ್ನು ಆ ಕಾಲದ ಋಷಿಯೆಂದು ಚಿತ್ರಿಸುವವರು ಈ ಭಾಗವನ್ನು ದಾಟಿಹೋಗುತ್ತಾರೆ. ಎಲ್ಲರೂ ಮಾಡುತ್ತಿದ್ದರು, ಅವನೂ ಮಾಡಿದನು.

ಸಿಟ್ಟು ಸಿಡಿದದ್ದು ನ್ಯೂಯಾರ್ಕಿನಲ್ಲಿ. ಅಲ್ಲಿಯ ನಗರಾಧ್ಯಕ್ಷ ಫಿಯೊರೆಲೊ ಲ ಗ್ವಾರ್ಡಿಯ ಪ್ರಾಮಾಣಿಕ, ಹಟವಾದಿ, ಬಡವರ ಪಕ್ಷಪಾತಿ. ಶಾಲಾಮಕ್ಕಳ ತಿಂಡಿಯ ಕಾಸನ್ನು ಈ ಯಂತ್ರಗಳು ನುಂಗುತ್ತಿವೆ, ಅದರ ಹಿಂದೆ ಪಾತಕಿಗಳ ಕೂಟವಿದೆ ಎಂಬುದು ಅವನ ದೃಢ ನಂಬಿಕೆಯಾಗಿತ್ತು. ೧೯೪೨ರ ಜನವರಿಯಲ್ಲಿ ಪಿನ್‌ಬಾಲ್ ಜೂಜೆಂದು ನ್ಯಾಯಾಲಯವು ತೀರ್ಮಾನಿಸಿದೊಡನೆ ನಗರದಲ್ಲಿ ಅದು ನಿಷಿದ್ಧವಾಯಿತು. ಪೋಲೀಸರು ಸಾವಿರಾರು ಯಂತ್ರಗಳನ್ನು ಹೊತ್ತು ತಂದರು. ನಗರಾಧ್ಯಕ್ಷನು ತಾನೇ ಸುತ್ತಿಗೆ ಹಿಡಿದು ಅವುಗಳನ್ನು ಒಡೆಯುವ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಅಮೆರಿಕವು ಯುದ್ಧಕ್ಕಿಳಿದು ಎರಡು ತಿಂಗಳಾಗಿರಲಿಲ್ಲ; ಒಡೆದ ಯಂತ್ರಗಳ ಲೋಹವು ಯುದ್ಧಸಾಮಗ್ರಿಗೆ ಸಲ್ಲಲಿ ಎಂಬುದೂ ಒಂದು ಕಾರಣವಾಗಿತ್ತು. ಲಾಸ್ ಏಂಜಲೀಸಿನಲ್ಲಿ ಆಗಲೇ ನಿಷೇಧವಿತ್ತು. ಕೌತುಕವೆಂದರೆ ಈ ಯಂತ್ರಗಳ ತವರೂರಾದ ಶಿಕಾಗೋ ನಗರವೂ ದಶಕಗಳ ಕಾಲ ಅವುಗಳನ್ನು ನಿಷೇಧಿಸಿತ್ತು. ಊರಿನಲ್ಲಿ ಮಾಡಬಹುದು, ಆಡುವ ಹಾಗಿಲ್ಲ!

ಲ ಗ್ವಾರ್ಡಿಯನ ಮೇಲೆ ನನಗೆ ಕೋಪವಿಲ್ಲ. ನನ್ನ ಅಜ್ಜಿಗೆ ಅಧಿಕಾರ ಸಿಕ್ಕಿದ್ದರೆ ಅವಳೂ ಸುತ್ತಿಗೆಯನ್ನೇ ಎತ್ತುತ್ತಿದ್ದಳು. ಆದರೆ ಸುತ್ತಿಗೆಗೆ ಕಾಸು ಸುರಿಸುವ ಯಂತ್ರ ಯಾವುದು, ಬರಿಯ ಆಟದ ಯಂತ್ರ ಯಾವುದು ಎಂಬ ವಿವೇಚನೆಯಿರುವುದಿಲ್ಲ.

ಯುದ್ಧಕಾಲದಲ್ಲಿ ಆಟದ ಯಂತ್ರಗಳ ತಯಾರಿಕೆ ಸರಕಾರದ ಆಜ್ಞೆಯಿಂದ ನಿಂತಿತು. ಯುದ್ಧ ಮುಗಿದಮೇಲೆ ಗಾಟ್ಲೀಬನ ಕಂಪನಿಯು ಹೊರತಂದ ಒಂದು ಯಂತ್ರ ಇಡೀ ಚರ್ಚೆಯ ಸ್ವರೂಪವನ್ನೇ ಬದಲಿಸಿತು. ೧೯೪೭ರ ಅಕ್ಟೋಬರಿನಲ್ಲಿ ಬಂದ ಅದರ ಹೆಸರು ಹಂಪ್ಟಿ ಡಂಪ್ಟಿ. ಶಿಶುವಿಹಾರದ ಮಕ್ಕಳಿಗೂ ಗೊತ್ತಿರುವ ಮೊಟ್ಟೆಯಣ್ಣ. ಅದನ್ನು ರೂಪಿಸಿದವನು ಕಂಪನಿಯ ಶಿಲ್ಪಿ ಹ್ಯಾರಿ ಮ್ಯಾಬ್ಸ್. ಹಲಗೆಯ ಎರಡು ಪಕ್ಕಗಳಲ್ಲಿ ಮೂರುಮೂರರಂತೆ ಆರು ಪುಟ್ಟ ರೆಕ್ಕೆಗಳು. ಪೆಟ್ಟಿಗೆಯ ಪಕ್ಕದ ಗುಂಡಿಯನ್ನು ಒತ್ತಿದರೆ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು, ಅದು ಅಯಸ್ಕಾಂತವಾಗಿ, ಒಳಗಿನ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ರೆಕ್ಕೆ ಬಡಿದು ಇಳಿಯುತ್ತಿದ್ದ ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಇದಕ್ಕೆ ಫ್ಲಿಪ್ಪರ್ ಎಂದು ಹೆಸರಿಟ್ಟರು. ಆ ಯಂತ್ರಗಳು ೬,೫೦೦ ತಯಾರಾದವು. ಬ್ಯಾಫಲ್ ಬಾಲಿನ ಲೆಕ್ಕದಲ್ಲಿ ಇದು ಅಲ್ಪವೆನಿಸಬಹುದು. ಪರಿಣಾಮ ಮಾತ್ರ ಅಲ್ಪವಲ್ಲ. ಮರುವರ್ಷವೇ ಸ್ಟೀವ್ ಕಾರ್ಡೆಕ್ ಎಂಬವನು ಬೇರೊಂದು ಕಂಪನಿಯಲ್ಲಿ ಆರು ರೆಕ್ಕೆಗಳೇಕೆ, ಕೆಳತುದಿಯಲ್ಲಿ ಬಲವಾದ ಎರಡಿದ್ದರೆ ಸಾಕೆಂದು ತೋರಿಸಿದನು. ಇಂದಿನ ಪಿನ್‌ಬಾಲಿನ ರೂಪ ಅಲ್ಲಿಗೆ ನಿಂತಿತು.

ಇದರ ಮಹತ್ತ್ವವನ್ನು ಆಡಿದವನೇ ಬಲ್ಲ. ರೆಕ್ಕೆಯಿಲ್ಲದ ಹಲಗೆಯಲ್ಲಿ ನಾವು ಗೋಲಿಯನ್ನು ಕಳುಹಿಸಿ ದೇವರ ಮೇಲೆ ಭಾರ ಹಾಕುತ್ತೇವೆ. ತಟ್ಟುವ ಕೈ ಎಷ್ಟು ಪಳಗಿದ್ದರೂ ಅರ್ಧ ಪಾಲು ಅದೃಷ್ಟದ್ದೇ. ರೆಕ್ಕೆ ಬಂದಮೇಲೆ ಗೋಲಿ ತಪ್ಪಿದರೆ ತಪ್ಪು ನಮ್ಮದು. ನಮ್ಮ ನಿಲಯದ ಪ್ಲಾಸ್ಟಿಕಿನ ಹಲಗೆಯಲ್ಲಿ ಎರಡು ರೆಕ್ಕೆಗಳಿವೆ. ಹೊಸಬರು ಗೋಲಿ ಕಂಡೊಡನೆ ಎರಡನ್ನೂ ಒಟ್ಟಿಗೆ ಪಟಪಟನೆ ಬಡಿಯುತ್ತಾರೆ. ಅವರ ಆಟ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಪಳಗಿದವನು ಒಂದು ರೆಕ್ಕೆಯನ್ನು ಎತ್ತಿಹಿಡಿದು, ಗೋಲಿ ಅದರ ಬುಡದಲ್ಲಿ ತಂಗುವಂತೆ ಮಾಡಿ, ಬಿಟ್ಟು, ಅದು ತುದಿಯವರೆಗೆ ಉರುಳಲು ತಾಳ್ಮೆಯಿಂದ ಕಾದು, ಆಮೇಲೆ ಹೊಡೆಯುತ್ತಾನೆ. ಬುಡದ ಬಳಿ ಹೊಡೆದರೆ ಒಂದು ದಿಕ್ಕು, ತುದಿಯ ಬಳಿ ಹೊಡೆದರೆ ಮತ್ತೊಂದು ದಿಕ್ಕು. ಒಂದು ತಿಂಗಳು ನಾವು ಅಂಕಗಳನ್ನು ಬರೆದಿಟ್ಟೆವು. ಮರದ ಹಲಗೆಯಲ್ಲಿ ಗೆದ್ದವರ ಹೆಸರು ದಿನದಿನವೂ ಬದಲಾಗುತ್ತಿತ್ತು. ರೆಕ್ಕೆಯ ಹಲಗೆಯಲ್ಲಿ ಇಬ್ಬರೇ ಗೆಲ್ಲುತ್ತಿದ್ದರು. ಆ ಇಬ್ಬರಲ್ಲಿ ನಾನಿಲ್ಲ.

ಯುದ್ಧಾನಂತರ ಗಾಟ್ಲೀಬನು ಹಿಡಿದ ದಾರಿ ಸ್ಪಷ್ಟವಾಗಿತ್ತು. ಬ್ಯಾಲಿ ಮೊದಲಾದ ಕಂಪನಿಗಳು ಬಿಂಗೋ ಎಂಬ ಜೂಜಿನ ಪಿನ್‌ಬಾಲುಗಳಿಂದ ಅಪಾರ ಹಣ ಗಳಿಸುತ್ತಿದ್ದಾಗ ಅವನು ಆ ಕಡೆಗೆ ಹೋಗಲಿಲ್ಲ. ರೆಕ್ಕೆಯ ಆಟವೇ ಬೇರೆ, ಜೂಜಿನ ಯಂತ್ರವೇ ಬೇರೆ ಎಂದು ಶಾಸಕರಿಗೂ ಪತ್ರಿಕೆಗಳಿಗೂ ತಿಳಿಯಹೇಳುವುದನ್ನೇ ವ್ರತವಾಗಿ ಹಿಡಿದನು. ಬೇಸ್‌ಬಾಲಿನಷ್ಟೇ ಇದೂ ಅಮೆರಿಕದ ಮನೆಮನೆಯ ಆಟವೆಂದು ಅವನ ಜಾಹೀರಾತುಗಳು ಸಾರುತ್ತಿದ್ದವು. ಆದರೂ ಕಾನೂನಿನ ಕಣ್ಣು ಬಿಡಲಿಲ್ಲ. ಹೆಚ್ಚು ಅಂಕ ಬಂದರೆ ಯಂತ್ರವು ಇನ್ನೊಂದು ಆಟವನ್ನು ಉಚಿತವಾಗಿ ಕೊಡುತ್ತಿತ್ತಷ್ಟೆ. ಉಚಿತ ಆಟಕ್ಕೂ ಬೆಲೆಯುಂಟು, ಆದ್ದರಿಂದ ಅದೂ ಪಣವೇ ಎಂದು ಕೆಲವು ಸಂಸ್ಥಾನಗಳು ವಾದಿಸಿದವು. ಇದಕ್ಕೆ ಉತ್ತರವಾಗಿ ೧೯೬೦ರಲ್ಲಿ ಗಾಟ್ಲೀಬನ ಮಗ ಆಲ್ವಿನನ ಯೋಚನೆಯಂತೆ ಫ್ಲಿಪ್ಪರ್ ಎಂಬ ಹೆಸರಿನದೇ ಯಂತ್ರವೊಂದು ಬಂದಿತು. ಅದರಲ್ಲಿ ಗೆದ್ದವನಿಗೆ ಹೊಸ ಆಟವಿಲ್ಲ. ನಡೆಯುತ್ತಿರುವ ಆಟದಲ್ಲೇ ಇನ್ನೊಂದು ಗೋಲಿ ಸಿಗುತ್ತದೆ. ಚೆನ್ನಾಗಿ ಆಡಿದವನು ಹೆಚ್ಚು ಹೊತ್ತು ಆಡುತ್ತಾನೆ, ಅಷ್ಟೆ. ಇದಕ್ಕಿಂತ ನಿರ್ಮಲವಾದ ಬಹುಮಾನವನ್ನು ನಾನು ಊಹಿಸಲಾರೆ; ನಮ್ಮ ಅಜ್ಜಿಯೂ ಒಪ್ಪಿಯಾಳು.

ಕಂಪನಿಯಲ್ಲಿ ಅವನು ಒಳ್ಳೆಯ ಕೆಲಸಗಾರರನ್ನು ಕೂಡಿಹಾಕಿಕೊಂಡಿದ್ದನು. ೧೯೩೯ರಲ್ಲಿ ಸೇರಿದ ವೇಯ್ನ್ ನೇಯೆನ್ಸ್ ಮುಂದೆ ಅಲ್ಲಿಯ ಪ್ರಧಾನ ಶಿಲ್ಪಿಯಾದನು. ಗಾಜಿನ ಮೇಲಿನ ಬಣ್ಣದ ಚಿತ್ರಗಳನ್ನು ಬರೆದ ರಾಯ್ ಪಾರ್ಕರನ ಯಂತ್ರಗಳಿಗೆ ಇಂದಿನ ಸಂಗ್ರಾಹಕರಲ್ಲಿ ವಿಶೇಷ ಬೇಡಿಕೆಯಿದೆ. ಗಳಿಸಿದ ಹಣದ ಒಂದು ಪಾಲು ಆಸ್ಪತ್ರೆಯಾಯಿತು. ಶಿಕಾಗೋ ಹೊರವಲಯದ ಮೆಲ್ರೋಸ್ ಪಾರ್ಕಿನಲ್ಲಿ ೧೯೬೧ರಲ್ಲಿ ತೆರೆದ ಆಸ್ಪತ್ರೆಯು ಗಾಟ್ಲೀಬ್ ಮನೆತನದ ಹೆಸರನ್ನೇ ಹೊತ್ತಿದೆ.

೧೯೭೪ರಲ್ಲಿ ಡೇವಿಡ್ ಗಾಟ್ಲೀಬ್ ತೀರಿಕೊಂಡನು. ಅದೇ ವರ್ಷ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಲಾಸ್ ಏಂಜಲೀಸಿನ ನಿಷೇಧವನ್ನು ತೆಗೆದುಹಾಕಿತು. ನ್ಯೂಯಾರ್ಕಿನ ನಿಷೇಧ ಮಾತ್ರ ಇನ್ನೂ ಇತ್ತು. ಅದು ಬಿದ್ದ ಬಗೆ ನಾಟಕದಂತಿದೆ. ೧೯೭೬ರಲ್ಲಿ ನಗರಸಭೆಯ ಸಮಿತಿಯ ಮುಂದೆ ರೋಜರ್ ಶಾರ್ಪ್ ಎಂಬ ತರುಣ ಪತ್ರಕರ್ತನು ಪಿನ್‌ಬಾಲ್ ಕೌಶಲದ ಆಟವೆಂದು ಪ್ರತ್ಯಕ್ಷವಾಗಿ ತೋರಿಸಬೇಕಾಯಿತು. ಅವನಿಗಾಗಿ ತಂದಿಟ್ಟ ಯಂತ್ರದಲ್ಲಿ ಮೋಸವಿರಬಹುದೆಂದು ಸದಸ್ಯನೊಬ್ಬನಿಗೆ ಸಂಶಯ ಬಂದು, ಪಕ್ಕದಲ್ಲಿದ್ದ ಎರಡನೆಯ ಯಂತ್ರದಲ್ಲಿ ಆಡಬೇಕೆಂದು ಹಟ ಹಿಡಿದನು. ಎಲ್ ಡೊರಾಡೊ ಎಂಬ ಆ ಯಂತ್ರವೂ ಗಾಟ್ಲೀಬ್ ಕಂಪನಿಯದೇ. ಶಾರ್ಪನು ಸ್ವಲ್ಪ ಹೊತ್ತು ಆಡಿ, ಕೊನೆಗೆ, ಈಗ ಚಿಮ್ಮುಕೋಲಿನಿಂದ ಗೋಲಿಯನ್ನು ನಡುವಿನ ಓಣಿಗೇ ಕಳುಹಿಸುತ್ತೇನೆಂದು ಮೊದಲೇ ಹೇಳಿ ಕೋಲೆಳೆದು ಬಿಟ್ಟನು. ಗೋಲಿ ಹಾಗೆಯೇ ನಡುವಿನ ಓಣಿಯಲ್ಲಿ ಇಳಿಯಿತು. ಸಮಿತಿ ಅಷ್ಟಕ್ಕೇ ಒಪ್ಪಿತು. ಆ ಏಟು ಅದೃಷ್ಟದಿಂದ ಬಿದ್ದದ್ದೆಂದು ಶಾರ್ಪನೇ ಮುಂದೆ ನಗುತ್ತ ಹೇಳಿದ್ದಾನೆ! ಈ ಪ್ರಸಂಗವನ್ನು ಕುರಿತು ೨೦೨೨ರಲ್ಲಿ ಒಂದು ಚಲನಚಿತ್ರವೂ ಬಂದಿದೆ.

ರಾಜ್ಯಶಾಸ್ತ್ರದ ಮಿತ್ರರಿಗೆ ಇಲ್ಲಿ ಒಂದು ಮಾತು. ಇದೇ ವಾದ ನಮ್ಮಲ್ಲಿಯೂ ನಡೆದಿದೆ. ೧೯೬೩ರ ನಮ್ಮ ರಾಜ್ಯದ ಪೋಲೀಸ್ ಕಾಯಿದೆಯು ಶುದ್ಧ ಕೌಶಲದ ಆಟಗಳನ್ನು ಜೂಜಿನಿಂದ ಹೊರಗಿಟ್ಟಿತ್ತು. ೧೯೬೮ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಆಟದಲ್ಲಿ ಕೌಶಲವೇ ಪ್ರಧಾನವೆಂದಿತು. ೨೦೨೧ರಲ್ಲಿ ಕರ್ನಾಟಕವು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕಾಯಿದೆಯನ್ನು ತಿದ್ದಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯಭಾಗಗಳನ್ನು ರದ್ದುಮಾಡಿತು. ೨೦೨೫ರಲ್ಲಿ ಪಾರ್ಲಿಮೆಂಟು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಪಕ್ಕಕ್ಕಿಟ್ಟು, ಹಣ ಪಣವಾದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಪಣವನ್ನು ತೆಗೆದುಬಿಟ್ಟರೆ ಕೌಶಲದ ವಾದವೇ ಬೇಕಿಲ್ಲವೆಂಬ ಈ ನಿಲುವಿಗೆ ಗಾಟ್ಲೀಬನು ೧೯೬೦ರಲ್ಲೇ ಬಂದಿದ್ದನೆಂದು ನನಗೆ ತೋರುತ್ತದೆ. ಎರಡೆಕರೆ ಹೊಲ ಹೋದದ್ದು ಕೈಚಳಕದ ಆಟದಲ್ಲೋ ಅದೃಷ್ಟದ ಆಟದಲ್ಲೋ ಎಂಬುದರಿಂದ ಹೊಲದವರಿಗೆ ಏನೂ ವ್ಯತ್ಯಾಸವಾಗಲಿಲ್ಲ.

ಗಾಟ್ಲೀಬನ ಮರಣಾನಂತರ ಅವನ ಕಂಪನಿಯನ್ನು ಕೊಲಂಬಿಯ ಪಿಕ್ಚರ್ಸ್ ಎಂಬ ಚಲನಚಿತ್ರ ಸಂಸ್ಥೆ ಕೊಂಡಿತು. ಊರೂರಿಗೆ ಚಿತ್ರ ಹೊತ್ತು ತೋರಿಸುತ್ತಿದ್ದವನ ಕಾರ್ಖಾನೆ ಕೊನೆಗೆ ಚಿತ್ರ ತಯಾರಿಸುವವರ ಪಾಲಾಯಿತು. ವಿಡಿಯೋ ಆಟಗಳು ಬಂದು ಪಿನ್‌ಬಾಲಿನ ಗಿರಾಕಿಗಳನ್ನು ಸೆಳೆದವು. ಹಲವು ಕೈ ಬದಲಿಸಿ ಕಂಪನಿ ೧೯೯೬ರಲ್ಲಿ ಬಾಗಿಲು ಮುಚ್ಚಿತು. ೧೯೩೧ರ ಬ್ಯಾಫಲ್ ಬಾಲುಗಳನ್ನು ಮಾತ್ರ ಸಂಗ್ರಾಹಕರು ಈಗಲೂ ಹುಡುಕಿ ಕೊಳ್ಳುತ್ತಾರೆ. ಅವುಗಳಲ್ಲಿ ವಿದ್ಯುತ್ತಿಲ್ಲದ ಕಾರಣ ಸುಟ್ಟುಹೋಗುವ ಭಾಗವೇ ಇಲ್ಲ. ಗಾಜನ್ನು ಒರೆಸಿ,ಚಿಮ್ಮುಕೋಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಮಟ್ಟ ನೋಡಿ ಮೇಜಿನ ಮೇಲಿಟ್ಟರೆ, ನಾಣ್ಯದ ಬಾಯಿಗೆ ಹಳೆಯ ಒಂದು ಸೆಂಟನ್ನು ಹಾಕಿ ಇಂದೂ ಆಡಬಹುದು.